ಕಿವಿಮೊರೆತ ನಿಲ್ಲದಿದ್ದಾಗ ನಿದ್ದೆ, ಮನಸ್ಸು ಕೆಡದಂತೆ ನೋಡಿಕೊಳ್ಳುವುದು – ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಶ್ರವಣತಜ್ಞೆ_ಹಾಸನ

ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಸುರಿಯುವ ಮಳೆಯೇ ಕಿವಿಮೊರೆತಕ್ಕೆ, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಕೇಳುವ ಗುಂಯ್‌ಗೆ, ಮದ್ದು. ಮಳೆ ಹಿಂದೆ ಸರಿದು, ಕಾಫಿ ಕೊಯ್ಲಿನ ಹೊತ್ತಿಗೆ ರಾತ್ರಿಗಳು ಸದ್ದಡಗಿ ತಣ್ಣಗಾದವೆಂದರೆ ಅದೇ ಗುಂಯ್ ಎದ್ದು ಕೇಳತೊಡಗುತ್ತದೆ. "ಈ ವರ್ಷ ಜಾಸ್ತಿಯಾಗಿದೆ, ನರ ಹೋಗ್ತಾ ಇದೆ" ಎಂಬ ಹೆದರಿಕೆ ಹುಟ್ಟುವುದು ಆಗಲೇ. ಮೊರೆತ ಇದ್ದಷ್ಟೇ ಇರುತ್ತದೆ. ಅದನ್ನು ಮುಚ್ಚಿಟ್ಟಿದ್ದ ಮಳೆ ಹೋಗಿರುತ್ತದೆ.

ಆರು ತಿಂಗಳು ದಾಟಿದರೂ ಸದ್ದು ನಿಲ್ಲದೆ, "ಇದಕ್ಕೆ ಔಷಧ ಇಲ್ಲ" ಎಂದು ಕೇಳಿಸಿಕೊಂಡು ಮನೆಗೆ ಬಂದವರಿಗಾಗಿ ಈ ಚರ್ಚೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಸದ್ದು ಬೇರೆ, ಸದ್ದಿನ ಕಾಟ ಬೇರೆ. ಯಂತ್ರದಲ್ಲಿ ಮೊರೆತದ ಗಟ್ಟಿತನವನ್ನು ಹೊಂದಿಸಿ ನೋಡಿದರೆ ಸಾಮಾನ್ಯವಾಗಿ ಅದೇ ಕಂಪನಾಂಕದಲ್ಲಿ (ಸ್ವರದ ಅದೇ ಎತ್ತರದಲ್ಲಿ) ಆ ಕಿವಿಗೆ ಕೇಳುವ ಅತಿ ಸಣ್ಣ ಸದ್ದಿಗಿಂತ 5–10 ಡೆಸಿಬಲ್ ಮೇಲಿರುತ್ತದೆ, ಅಷ್ಟೇ. ಅದೇ 5 ಡೆಸಿಬಲ್ ಇಟ್ಟುಕೊಂಡು ಒಬ್ಬರು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರು ಬೆಳಗಿನ ಜಾವ ನಾಲ್ಕು ಗಂಟೆಯವರೆಗೆ ಸೂರು ನೋಡುತ್ತಿರುತ್ತಾರೆ. ಹಾಗಾಗಿ ಗಟ್ಟಿತನ ಅಳೆದು ಸಂಕಟ ಎಷ್ಟೆಂದು ಹೇಳಲಾಗದು.

ಕಾಟವನ್ನು ಅಳೆಯಲು ಟಿಎಚ್‌ಐ ಎಂಬ 25 ಪ್ರಶ್ನೆಗಳ ಪಟ್ಟಿ ಇದೆ. 1996ರಿಂದ ಬಳಕೆಯಲ್ಲಿದೆ, ಕನ್ನಡಕ್ಕೂ ಹೊಂದಿಸಿದ್ದಾರೆ. "ಹೌದು" ಎಂದರೆ 4, "ಕೆಲವೊಮ್ಮೆ" ಎಂದರೆ 2, "ಇಲ್ಲ" ಎಂದರೆ 0. ಒಟ್ಟು 16ರವರೆಗೆ ಬಂದರೆ ಅಲ್ಪ, 18–36 ಸೌಮ್ಯ, 38–56 ಮಧ್ಯಮ, 58–76 ತೀವ್ರ, 78ರಿಂದ ಮೇಲೆ ಅತಿ ತೀವ್ರ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುಂಬಿಸಿ, ಪ್ರತಿದಿನ ಬೇಡ. ಎರಡು ನಾಲ್ಕು ಅಂಕದ ಏರಿಳಿತಕ್ಕೆ ಅರ್ಥ ಹುಡುಕಬೇಡಿ.

ಸದ್ದು ಬರುವುದೆಲ್ಲಿಂದ ಎಂದರೆ, ಒಳಗಿವಿಯ ಕಾಕ್ಲಿಯಾದಲ್ಲಿ ಸುಮಾರು 3,500 ಒಳಸಾಲಿನ, 12,000 ಹೊರಸಾಲಿನ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸಂಕೇತ ಕಡಿಮೆಯಾದಾಗ ಮಿದುಳು ತನ್ನ ಕಡೆಯ ವಾಲ್ಯೂಮ್ ಏರಿಸುತ್ತದೆ. ಸಿಗ್ನಲ್ ಸಿಗದ ಘಾಟಿಯಲ್ಲಿ ರೇಡಿಯೊ ಗುಂಡಿ ತಿರುಗಿಸಿದರೆ ಹಾಡಿನ ಬದಲು ಸುಯ್ ಎನ್ನುವುದೇ ಜಾಸ್ತಿಯಾಗುತ್ತದಲ್ಲ, ಹಾಗೆ. ಕಿವಿ ಸರಿಯಿದ್ದವರಲ್ಲೂ ಈ ಸುಯ್ ಇದ್ದೇ ಇದೆ: 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್, ಶ್ರವಣ ಸರಿಯಿದ್ದ 80 ಮಂದಿಯನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿಗೆ ಏನೋ ಒಂದು ಸದ್ದು ಕೇಳಿಸಿತ್ತು.

ಇಎನ್‌ಟಿ_ಚಿಕ್ಕಮಗಳೂರು

ಮೇಡಂ ಬರೆದದ್ದಕ್ಕೆ ಮುಂಚೆ ಓದಬೇಕಾದ್ದು ಇದು. ಎಲ್ಲ ಮೊರೆತವನ್ನೂ "ಹೊಂದಿಕೊಂಡು ಹೋಗಿ" ಎಂದು ಬಿಡುವಂತಿಲ್ಲ.

ಬೆಳಿಗ್ಗೆ ಏಳುವಾಗ ಒಂದು ಕಿವಿ ಮಂಕಾಗಿ, ಜೊತೆಗೆ ಗುಂಯ್ ಶುರುವಾಗಿದ್ದರೆ ಅದು ತುರ್ತು. ಮೂರು ದಿನದೊಳಗೆ ಅಕ್ಕಪಕ್ಕದ ಮೂರು ಕಂಪನಾಂಕಗಳಲ್ಲಿ 30 ಡೆಸಿಬಲ್ ಶ್ರವಣ ಕುಸಿದರೆ ಅದಕ್ಕೆ ಹಠಾತ್ ನರಸಂಬಂಧಿ ಶ್ರವಣನಷ್ಟ ಎನ್ನುತ್ತೇವೆ. ಸ್ಟೀರಾಯ್ಡ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡು ವಾರ ದಾಟಿದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ವಯಸ್ಕರಿಗೆ ರೂಢಿಯ ಪ್ರಮಾಣ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿ.ಗ್ರಾಂ. ಪ್ರೆಡ್ನಿಸೋಲೋನ್, ಗರಿಷ್ಠ 60 ಮಿ.ಗ್ರಾಂ. ಇದನ್ನು ಬರೆದದ್ದು ಅಂಗಡಿಯಲ್ಲಿ ಕೇಳಿ ಕೊಳ್ಳಲಿ ಎಂದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಗಗನಕ್ಕೇರುತ್ತದೆ. ವೈದ್ಯರ ಕಣ್ಣೆದುರೇ ಆಗಬೇಕು. ಇಲ್ಲಿ ತಪ್ಪುವುದು ಒಂದೇ ಕಡೆ: "ಶೀತಕ್ಕೆ ಕಿವಿ ಕಟ್ಟಿದೆ" ಎಂದುಕೊಂಡು ಹತ್ತು ದಿನ ಹನಿ ಔಷಧ ಬಿಟ್ಟು ಕೂರುವುದು. ಒಂದು ಸುಳಿವು: ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಗುನುಗಿ. ಕಟ್ಟಿದ ಕಿವಿಯಲ್ಲೇ ಗುನುಗು ಜೋರಾಗಿ ಕೇಳಿದರೆ ಗುಗ್ಗೆಯೋ ಶೀತವೋ ಇರಬಹುದು. ಒಳ್ಳೆಯ ಕಿವಿಯ ಕಡೆಗೆ ವಾಲಿದರೆ ನರದ ಕಡೆಯ ತೊಂದರೆ ಎಂದು ತಿಳಿದು ಅಂದೇ ಹೊರಡಿ. ಸುಳಿವು ಅಷ್ಟೇ, ಪರೀಕ್ಷೆಗೆ ಬದಲಿಯಲ್ಲ.

ಸದ್ದು ನಾಡಿ ಮಿಡಿತದ ಲಯಕ್ಕೆ ಡುಬ್ ಡುಬ್ ಎಂದರೆ ರಕ್ತನಾಳದ ಸ್ಕ್ಯಾನ್ ಬೇಕಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಹೋಲಿಸಿ ನೋಡಿ, ಗೊತ್ತಾಗುತ್ತದೆ. ಒಂದೇ ಕಿವಿಯಲ್ಲಿ ಮೊರೆತ, ಅದೇ ಕಿವಿಯಲ್ಲಿ ಶ್ರವಣವೂ ಕಡಿಮೆ ಎಂದರೆ ಸಮತೋಲನದ ನರದ ಗಡ್ಡೆ ಇಲ್ಲವೆಂದು ಖಚಿತಪಡಿಸಲು ಎಂಆರ್‌ಐ. ಗಡ್ಡೆ ಸಿಗುವುದು ತೀರ ಅಪರೂಪ, ಸಿಕ್ಕರೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ತಲೆಸುತ್ತು, ಮುಖ ಸೊಟ್ಟಗಾಗುವುದು, ಕಿವಿ ಸೋರುವುದು ಜೊತೆಗಿದ್ದರೂ ಕಾಯಬಾರದು. ಉಳಿದಂತೆ ರಕ್ತದೊತ್ತಡ, ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿದರೆ ಸಾಕು. ದವಡೆ ಕಚ್ಚಿದಾಗ, ಕತ್ತು ತಿರುಗಿಸಿದಾಗ ಸದ್ದಿನ ಶ್ರುತಿ ಬದಲಾದರೆ ದಂತವೈದ್ಯರಿಗೋ ಫಿಸಿಯೋಥೆರಪಿಗೋ ಕೆಲಸವಿದೆ ಎಂದರ್ಥ.

ತೋಟದ_ರೈಟರ್_ಮೂಡಿಗೆರೆ

ಸಾರ್, ಎರಡು ಪ್ರಶ್ನೆ. ಲೈನ್ ಮನೆಗಳಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕಿವಿಗೆ ಬಿಡೋದು ವಾಡಿಕೆ. ಬಿಡಬೋದಾ? ಇನ್ನೊಂದು, ಎಲ್ಲರಿಗೂ ಬೀಟಾಹಿಸ್ಟಿನ್ ಮಾತ್ರೆ ಬರೆದಿರ್ತಾರೆ, ವರ್ಷಗಟ್ಟಲೆ ನುಂಗ್ತಿರ್ತಾರೆ. ಅದರಿಂದ ಏನಾದ್ರೂ ಉಪಯೋಗ?

ಇಎನ್‌ಟಿ_ಚಿಕ್ಕಮಗಳೂರು

ಎಣ್ಣೆ ಬೇಡ. ಬಿಸಿ ಅಂದಾಜು ತಪ್ಪಿದರೆ ಕಿವಿನಾಳ ಸುಡುತ್ತದೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗಿಳಿದು ಸೋರಿಕೆ ಶುರು. ನಮ್ಮ ತೇವದ ಹವೆಗೆ ಬೂಷ್ಟು ಬೆಳೆಯುವುದೂ ಉಂಟು. ನಿಜಕ್ಕೂ ಗುಗ್ಗೆ ಗಟ್ಟಿಯಾಗಿದೆ, ತಮಟೆ ಸರಿಯಿದೆ ಎಂದು ವೈದ್ಯರು ನೋಡಿ ಹೇಳಿದ್ದರೆ 5% ಸೋಡಿಯಂ ಬೈಕಾರ್ಬೊನೇಟ್ ಹನಿ, ದಿನಕ್ಕೆರಡು ಸಲ ಮೂರ್ನಾಲ್ಕು ಹನಿ, ಮೂರರಿಂದ ಐದು ದಿನ. ಶೀಶೆಯನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತಂದು ಬಿಡಿ, ತಣ್ಣಗಿದ್ದರೆ ತಲೆ ಗಿರ್ರೆನ್ನುತ್ತದೆ. ಐದು ನಿಮಿಷ ಒಂದೇ ಮಗ್ಗುಲಲ್ಲಿ ಮಲಗಿ. ಮೊದಲೆರಡು ದಿನ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಕಟ್ಟಿದಂತಾಗುವುದು ಸಹಜ. ಬಡ್ಸ್, ಹೇರ್‌ಪಿನ್, ಬೈಕ್ ಕೀಲಿ ಎಲ್ಲ ಗುಗ್ಗೆಯನ್ನು ಒಳಕ್ಕೆ ತಳ್ಳುವ ಸಾಧನಗಳು.

ಮಾತ್ರೆ ವಿಷಯಕ್ಕೆ ಔಷಧ ಅಂಗಡಿಯವರೇ ಬರೆಯಲಿ. ವೈದ್ಯನೇ ಬರೆದರೆ "ಬರೆಯೋರೂ ನೀವೇ, ಬಯ್ಯೋರೂ ನೀವೇ" ಅಂತೀರಿ.

ಫಾರ್ಮಸಿಸ್ಟ್_ಬೇಲೂರು

ಬರೆಯುತ್ತೇನೆ. ಬೀಟಾಹಿಸ್ಟಿನ್ ಮೆನಿಯೇರ್ ಎಂಬ ಒಳಗಿವಿಯ ಕಾಯಿಲೆಯ ತಲೆಸುತ್ತಿಗೆ ಕೊಡುವ ಮಾತ್ರೆ. ಬರೀ ಮೊರೆತಕ್ಕೆ ಅದರಿಂದ ಉಪಯೋಗ ಕಂಡುಬಂದಿಲ್ಲವೆಂದು ಪ್ರಯೋಗಗಳನ್ನೆಲ್ಲ ಕಲೆಹಾಕಿದ 2018ರ ಕಾಕ್ರೇನ್ ಪರಿಶೀಲನೆ ಹೇಳಿತು. ಗಿಂಕ್ಗೊ, ಸತು, ಮೆಲಟೋನಿನ್ – ಮೊರೆತಕ್ಕೆಂದು ಇವನ್ನು ಶಿಫಾರಸು ಮಾಡಬೇಡಿ ಎಂದು ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2014ರ ಮಾರ್ಗಸೂಚಿಯೇ ಹೇಳುತ್ತದೆ. ಬಿ12 ರಕ್ತದಲ್ಲಿ ಕಡಿಮೆ ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ನನಗೆ ಹೆಚ್ಚು ಚಿಂತೆ ಕ್ಲೋನಾಜೆಪಾಮ್, ಆಲ್ಪ್ರಾಜೊಲಾಮ್ ಎಂಬ ನಿದ್ದೆ, ಆತಂಕದ ಮಾತ್ರೆಗಳ ಬಗ್ಗೆ. ಮೊದಲ ವಾರ ನಿದ್ದೆ ಬರುತ್ತದೆ, ಮೊರೆತವೂ ತಗ್ಗಿದಂತೆ ಕಾಣುತ್ತದೆ. ಕೆಲವು ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆಗ ಥಟ್ಟನೆ ಬಿಟ್ಟರೆ ನಿದ್ದೆಗೇಡು, ನಡುಕ, ಗಾಬರಿ ಬರುತ್ತವೆ, ಮೊರೆತವೂ ಏರುತ್ತದೆ, ಕೆಲವರಿಗೆ ಫಿಟ್ಸ್ ಕೂಡ. "ಬಿಟ್ಟ ತಕ್ಷಣ ಸದ್ದು ಜಾಸ್ತಿಯಾಯ್ತು, ಅಂದರೆ ಈ ಮಾತ್ರೆ ಬೇಕೇಬೇಕು" ಎಂದು ಮತ್ತೆ ಶುರು ಮಾಡುವುದೇ ಉರುಳು. ಬಿಡಿಸಬೇಕಾದರೆ ವೈದ್ಯರು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ, ಹೆಚ್ಚೆಂದರೆ ಕಾಲು ಭಾಗದಷ್ಟು ಇಳಿಸುತ್ತಾರೆ. ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೇಳಿದರೆ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಕಿವಿಗೆ ಪೆಟ್ಟು ಕೊಡುವ ಔಷಧಗಳೂ ಇವೆ: ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಕ್ಯಾನ್ಸರಿನ ಸಿಸ್‌ಪ್ಲಾಟಿನ್, ಹೆಚ್ಚಿನ ಪ್ರಮಾಣದ ಫ್ಯೂರೊಸೆಮೈಡ್, ಕ್ವಿನೈನ್. ಆಸ್ಪಿರಿನ್ ದೊಡ್ಡ ಪ್ರಮಾಣದಲ್ಲಿ ಮೊರೆತ ತರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಆದರೆ ಹೃದಯಕ್ಕೆ ಕೊಡುವ 75 ಮಿ.ಗ್ರಾಂ. ಆ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಓದಿ ಯಾರೂ ಹೃದಯದ ಮಾತ್ರೆ ಬಿಡಬೇಡಿ.

ಗೃಹಿಣಿ_ಅರಸೀಕೆರೆ

ಕಾಫಿ ಬಿಡಬೇಕಾ? ಅದೊಂದು ಹೇಳಿ.

ಮನಶ್ಶಾಸ್ತ್ರಜ್ಞೆ_ಚಿಕ್ಕಮಗಳೂರು

ಬಿಡಬೇಕಿಲ್ಲ ಅಕ್ಕ. ಕಾಫಿ ಬಿಟ್ಟರೆ ಮೊರೆತ ತಗ್ಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ದಿಢೀರನೆ ಬಿಟ್ಟರೆ ತಲೆನೋವು ಬಂದು ಇನ್ನೊಂದು ಕಾಟ. ಆದರೆ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆ ಕೆಟ್ಟಿದ್ದರೆ ಮಧ್ಯಾಹ್ನ ಎರಡು ಗಂಟೆಯ ನಂತರ ಬೇಡ. ಉಪ್ಪು ಕಡಿಮೆ ಮಾಡಿ ಅನ್ನುವುದು ಮೆನಿಯೇರ್ ಇರುವವರಿಗೆ ಹೇಳುವ ಮಾತು, ಎಲ್ಲರಿಗಲ್ಲ.

ಶ್ರವಣತಜ್ಞೆ_ಹಾಸನ

ರಾತ್ರಿಯ ಸದ್ದಿನ ವ್ಯವಸ್ಥೆ ಬಗ್ಗೆ ವಿವರವಾಗಿ ಬರೆಯುತ್ತೇನೆ. ಜನ ಎಡವುವುದು ಇಲ್ಲೇ ಹೆಚ್ಚು.

ಮೊರೆತವನ್ನು ಪೂರ್ತಿ ಮುಳುಗಿಸುವಷ್ಟು ಜೋರಾಗಿ ಸದ್ದು ಇಡಬೇಡಿ. ಹಾಕಿದ ಸದ್ದೂ ಕೇಳಬೇಕು, ಮೊರೆತವೂ ಅದರೊಳಗೆ ಸಣ್ಣಗೆ ಇಣುಕುತ್ತಿರಬೇಕು. ಕೇಳುವ ಸದ್ದಿಗೆ ಮಾತ್ರ ಮಿದುಳು ಒಗ್ಗಿಕೊಳ್ಳುತ್ತದೆ, ಕೇಳದ್ದಕ್ಕೆ ಒಗ್ಗುವುದೆಲ್ಲಿಂದ ಬಂತು? ವಾಲ್ಯೂಮನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ, ಎರಡೂ ಬೆರೆಯತೊಡಗಿದ ಕಡೆ ನಿಲ್ಲಿಸಿ, ಒಂದು ಕೂದಲೆಳೆ ಹಿಂದೆ ತನ್ನಿ. ಹಾಗೇ ಬಿಟ್ಟುಬಿಡಿ, ರಾತ್ರಿಯೆಲ್ಲ ಗುಂಡಿ ತಿರುಗಿಸುತ್ತ ಕೂರಬೇಡಿ.

ಸದ್ದು ಯಾವುದಿರಲಿ? ಸೀಲಿಂಗ್ ಫ್ಯಾನ್ ಚೆನ್ನಾಗಿದೆ, ಆದರೆ ಡಿಸೆಂಬರ್‌ನಲ್ಲಿ ಮಲೆನಾಡಿನಲ್ಲಿ ಫ್ಯಾನ್ ಹಾಕಿದರೆ ಮನೆಯವರು ಜಗಳಕ್ಕೆ ಬರುತ್ತಾರೆ. ಟೇಬಲ್ ಫ್ಯಾನ್ ಗೋಡೆಗೆ ಮುಖ ಮಾಡಿಡಿ: ಸದ್ದು ಸಿಗುತ್ತದೆ, ಗಾಳಿ ಸಿಗುವುದಿಲ್ಲ. ಹಳೆಯ ಎಫ್‌ಎಂ ರೇಡಿಯೊವನ್ನು ಎರಡು ನಿಲ್ದಾಣಗಳ ನಡುವೆ ನಿಲ್ಲಿಸಿದರೆ ಬರುವ ಸುಯ್ ಬಿಟ್ಟಿ ಸಿಗುವ ವೈಟ್ ನಾಯ್ಸ್. ಹೊಸ ಡಿಜಿಟಲ್ ರೇಡಿಯೊಗಳು ನಿಲ್ದಾಣ ಸಿಗದಿದ್ದರೆ ತಾವೇ ಮೌನವಾಗುತ್ತವೆ, ಅವು ಇದಕ್ಕಾಗವು. ಫೋನಿನಲ್ಲಿ ಹಾಕುವುದಾದರೆ ಮಳೆಯ ಸದ್ದನ್ನು ಇಳಿಸಿಟ್ಟುಕೊಂಡು ಏರೋಪ್ಲೇನ್ ಮೋಡ್‌ನಲ್ಲಿಡಿ. ನಡುವೆ ಜಾಹೀರಾತು ಬಂದರೆ ಅಂದಿನ ನಿದ್ದೆ ಹೋಯಿತು. ಫೋನಿನ ಸ್ಪೀಕರಿಗೆ ಮಂದ್ರ ಸ್ವರ ಬರುವುದಿಲ್ಲ, ಮಳೆ ಎಣ್ಣೆಯಲ್ಲಿ ಹುರಿದಂತೆ ಕೇಳುತ್ತದೆ. ಸಣ್ಣ ಬ್ಲೂಟೂತ್ ಸ್ಪೀಕರ್ ಮೇಲು. ತಲೆದಿಂಬಿನ ಕೆಳಗಿಡುವ ಚಪ್ಪಟೆ ಸ್ಪೀಕರ್ ಇದ್ದರೆ ಪಕ್ಕದಲ್ಲಿ ಮಲಗುವವರಿಗೂ ತೊಂದರೆಯಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗುವುದು ಬೇಡ, ನಾಳ ಬೆವತು ಸೋಂಕಾಗುತ್ತದೆ.

ಕರೆಂಟು! ರಾತ್ರಿ ಎರಡಕ್ಕೆ ಕರೆಂಟು ಹೋಗಿ ಫ್ಯಾನು ನಿಂತ ಕ್ಷಣ ಮೊರೆತ ಕಿವಿಗೆ ಅಪ್ಪಳಿಸಿದಂತಾಗುತ್ತದೆ. ಎಚ್ಚರವಾದವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಸದ್ದಿನ ಮೂಲ ಬ್ಯಾಟರಿಯದ್ದೇ ಇರಲಿ, ಅಥವಾ ಫ್ಯಾನಿನ ಜೊತೆಗೆ ಬ್ಯಾಟರಿಯದ್ದೊಂದು ಮೆಲ್ಲಗೆ ಓಡುತ್ತಿರಲಿ.

ಶ್ರವಣನಷ್ಟ ಇದ್ದರೆ ಹಿಯರಿಂಗ್ ಏಡ್ ಮೊದಲ ಆಯ್ಕೆ. ಹೊರಗಿನ ಸಣ್ಣ ಸದ್ದುಗಳು ಮತ್ತೆ ಒಳಗೆ ಬಂದಾಗ ಮಿದುಳು ವಾಲ್ಯೂಮ್ ಏರಿಸುವ ಅಗತ್ಯ ತಗ್ಗುತ್ತದೆ, ಮಾತು ಕೇಳಲು ತಿಣುಕುವ ಆಯಾಸವೂ. ಮಂದ್ರ ಸ್ವರಗಳು ಚೆನ್ನಾಗಿ ಕೇಳುವವರಿಗೆ ಕಿವಿಯೊಳಗೆ ಕೂರುವ ತುದಿಗೆ ತೂತಿರುವ ಓಪನ್ ಡೋಮ್ ಹಾಕಿಸಿ. ಪೂರ್ತಿ ಮುಚ್ಚುವ ಮೋಲ್ಡ್ ಹಾಕಿದರೆ ಕಿವಿ ಕಟ್ಟಿದಂತಾಗಿ ಮೊರೆತ ಹೆಚ್ಚು ಕೇಳುತ್ತದೆ. ಇನ್ನೊಂದು, ಅಂಗಡಿಯಲ್ಲಿ ಯಂತ್ರ ಹೊಂದಿಸುವವರಿಗೆ ಹೇಳಲೇಬೇಕಾದ್ದು: ಎಕ್ಸ್‌ಪ್ಯಾನ್ಷನ್ ಎಂಬ ಸೆಟ್ಟಿಂಗ್ ನಿಶ್ಶಬ್ದ ಕೋಣೆಯ ಸಣ್ಣ ಸದ್ದುಗಳನ್ನು ಅಳಿಸುತ್ತದೆ. ಮೊರೆತದವರಿಗೆ ಬೇಕಾಗಿರುವುದೇ ಆ ಸದ್ದುಗಳು, ಅದನ್ನು ತಗ್ಗಿಸಿಡಿ. ಒಂದು ವಾರ ಹಾಕಿ ಡಬ್ಬಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಎದ್ದಾಗಿನಿಂದ ಮಲಗುವವರೆಗೆ, ಕೆಲವು ತಿಂಗಳು.

ಮನಶ್ಶಾಸ್ತ್ರಜ್ಞೆ_ಚಿಕ್ಕಮಗಳೂರು

ಇನ್ನು ಮನಸ್ಸಿನ ವಿಷಯ. ಜೀರುಂಡೆ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಜೀರುಂಡೆ ಕಾಟವಲ್ಲ, ಬೆಂಗಳೂರಿನಿಂದ ಬಂದ ನೆಂಟರಿಗೆ ಅದು ರಾತ್ರಿಯೆಲ್ಲ ಚುಚ್ಚುತ್ತದೆ. ಮಿದುಳು ಒಂದು ಸದ್ದಿಗೆ "ಅಪಾಯ" ಎಂದು ಚೀಟಿ ಅಂಟಿಸಿದರೆ ಅದನ್ನು ಬಿಡದೆ ಕಾಯುತ್ತದೆ. ಕಾದಷ್ಟೂ ಎದೆ ಡವಗುಟ್ಟುತ್ತದೆ, ನಿದ್ದೆ ಹೋಗುತ್ತದೆ, ನಿದ್ದೆಗೆಟ್ಟ ದಿನ ಸದ್ದು ಇನ್ನೂ ಚುಚ್ಚುತ್ತದೆ. ಮೊರೆತದ ಸಂಶೋಧಕ ಯಾಸ್ಟ್ರೆಬಾಫ್ 1990ರಲ್ಲಿ ಮಂಡಿಸಿದ ಮಾದರಿಯ ತಿರುಳು ಇದೇ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಕಿವಿಯ ಕಡೆ ಕಡಿಯಲು ಆಗದು, ಚೀಟಿಯ ಕಡೆ ಆಗುತ್ತದೆ. ಮೊರೆತದ ಸಂಕಟ ತಗ್ಗಿಸುವುದರಲ್ಲಿ ಅತಿ ಹೆಚ್ಚು ಪುರಾವೆ ಇರುವುದು ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ. ಸದ್ದಿನ ಗಟ್ಟಿತನವನ್ನು ಅದು ತಗ್ಗಿಸುವುದಿಲ್ಲ, ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಮೂರನೇ ಭೇಟಿಗೇ "ಸದ್ದು ಹಾಗೇ ಇದೆಯಲ್ಲ ಮೇಡಂ" ಎಂದು ಬಿಟ್ಟುಹೋಗುತ್ತಾರೆ.

ಮನೆಯಲ್ಲೇ ಶುರು ಮಾಡಬಹುದಾದ್ದು: ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಗೀಚಿ. ಏನು ನಡೆಯುತ್ತಿತ್ತು, ತಲೆಯಲ್ಲಿ ಬಂದ ವಾಕ್ಯ (ಬಂದ ಹಾಗೆಯೇ), ಸಂಕಟ ಹತ್ತಕ್ಕೆಷ್ಟು, ಆಮೇಲೆ ಏನು ಮಾಡಿದಿರಿ. "ಹೀಗೇ ಇದ್ದರೆ ಹುಚ್ಚು ಹಿಡಿಯುತ್ತೆ" ಎಂಬ ವಾಕ್ಯ ಬಂತು ಅನ್ನಿ. ಅದರ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ, ಎರಡೂ ಬರೆಯಿರಿ. ಎರಡು ವರ್ಷದಿಂದ ಸದ್ದು ಇದ್ದೂ ತೋಟದ ಲೆಕ್ಕ ತಪ್ಪಿಲ್ಲ ಎಂಬುದು ವಿರುದ್ಧದ ಸಾಕ್ಷಿ. "ಒಳ್ಳೇದನ್ನೇ ಯೋಚಿಸು" ಅನ್ನುವ ಉಪದೇಶ ಇದಲ್ಲ, ಲೆಕ್ಕ ತಾಳೆ ನೋಡುವ ಕೆಲಸ. ನಾಲ್ಕನೇ ಕಾಲಂನಲ್ಲೇ ಹೆಚ್ಚು ಸಿಗುವುದು: ಮದುವೆಗೆ ಹೋಗಲಿಲ್ಲ, ಫೋನ್ ಎತ್ತಲಿಲ್ಲ, ಬೇಗ ಮಲಗಿದೆ. ತಪ್ಪಿಸಿಕೊಂಡ ಪ್ರತಿಯೊಂದೂ ಮಿದುಳಿಗೆ "ಹೌದು, ಇದು ಅಪಾಯವೇ" ಎಂದು ರುಜು ಹಾಕಿಕೊಟ್ಟಂತೆ. ಒಂದೊಂದಾಗಿ ವಾಪಸ್ ತನ್ನಿ. ಮದುವೆಗೆ ಅರ್ಧ ಗಂಟೆ, ವಾದ್ಯದವರಿಂದ ದೂರ ಕುಳಿತು, ಮುಂದಿನದಕ್ಕೆ ಊಟದವರೆಗೆ.

ತಡವಿ ನೋಡುವ ಚಾಳಿ ಬಿಡಿ. ಎದ್ದ ತಕ್ಷಣ "ಇವತ್ತು ಎಷ್ಟಿದೆ" ಎಂದು ಕಿವಿಗೊಡುವುದು, ಬಚ್ಚಲುಮನೆಯಲ್ಲಿ ಬಾಗಿಲು ಹಾಕಿ ಪರೀಕ್ಷಿಸುವುದು, ರಾತ್ರಿ ಎರಡಕ್ಕೆ ಯೂಟ್ಯೂಬಿನಲ್ಲಿ ಹುಡುಕುವುದು – ಗಾಯದ ಹೊಪ್ಪಳೆ ಕಿತ್ತು ಒಣಗಿದೆಯಾ ಎಂದು ನೋಡಿದ ಹಾಗೆ. ಎದ್ದ ಮೊದಲ ಹತ್ತು ನಿಮಿಷಕ್ಕೆ ಸದ್ದಿರುವ ಕೆಲಸ ಇಟ್ಟುಕೊಳ್ಳಿ: ಒಲೆ, ನಲ್ಲಿ, ರೇಡಿಯೊದ ಪ್ರದೇಶ ಸಮಾಚಾರ.

ಗಮನ ಹೊರಳಿಸುವ ಅಭ್ಯಾಸ: ಕೂತು 20 ಸೆಕೆಂಡು ಮೊರೆತ ಕೇಳಿ, 20 ಸೆಕೆಂಡು ಫ್ಯಾನು, 20 ಸೆಕೆಂಡು ದೂರದ ರಸ್ತೆಯ ಬಸ್ಸು, ಮತ್ತೆ ಮೊರೆತ. ಐದು ನಿಮಿಷ, ದಿನಕ್ಕೆರಡು ಸಲ. ಮೊರೆತವನ್ನು ಓಡಿಸುವ ಮಂತ್ರ ಇದಲ್ಲ. ಗಮನದ ಗುಂಡಿ ಕೈಯಲ್ಲೇ ಇದೆ ಎಂದು ಕೈಗೆ ರೂಢಿಯಾಗಬೇಕು, ಅಷ್ಟಕ್ಕೆ.

ನಿದ್ದೆಗೆ ಇನ್ನೂ ಗಟ್ಟಿ ಕ್ರಮ ಬೇಕು. ಎರಡು ವಾರ ನಿದ್ದೆಯ ಲೆಕ್ಕ ಬರೆಯಿರಿ. ಒಂಬತ್ತಕ್ಕೆ ಮಲಗಿ ಆರಕ್ಕೆ ಎದ್ದು, ನಿದ್ದೆ ಮಾಡಿದ್ದು ಆರೇ ಗಂಟೆ ಎಂದರೆ ಮೂರು ಗಂಟೆ ಹಾಸಿಗೆಯ ಮೇಲೆ ಮೊರೆತದ ಪಾಠ ಓದಿದಂತೆ. ಏಳುವ ಹೊತ್ತು ಆರಕ್ಕೇ ಇರಲಿ, ಮಲಗುವುದು ಹನ್ನೆರಡಕ್ಕೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನೂರಕ್ಕೆ 85 ಪಾಲು ನಿದ್ದೆ ಬರತೊಡಗಿದ ಮೇಲೆ ವಾರಕ್ಕೆ 15 ನಿಮಿಷ ಹಿಂದಕ್ಕೆ ತನ್ನಿ. ಐದೂವರೆ ಗಂಟೆಗಿಂತ ಕಡಿಮೆ ಮಾಡಬೇಡಿ. ಮಲಗಿ 20 ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಗಡಿಯಾರ ನೋಡದೆ ಅಂದಾಜಿಗೆ ಎದ್ದು ಜಗಲಿಗೋ ಅಡುಗೆಮನೆಗೋ ಹೋಗಿ, ಮಂದ ಬೆಳಕಿನಲ್ಲಿ ಬೇಸರದ ಕೆಲಸ ಮಾಡಿ – ಬೆಳ್ಳುಳ್ಳಿ ಬಿಡಿಸಿ, ಮೆಣಸು ಆರಿಸಿ. ತೂಕಡಿಕೆ ಬಂದ ಮೇಲೆ ವಾಪಸ್. ಮೊದಲ ವಾರ ಹಗಲು ಜೂಗರಿಕೆ ಜಾಸ್ತಿ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸುವವರು, ಫಿಟ್ಸ್ ಇರುವವರು, ಬೈಪೋಲಾರ್ (ಮನಸ್ಸಿನ ವಿಪರೀತ ಏರಿಳಿತದ ಕಾಯಿಲೆ) ಇರುವವರು ಇದನ್ನು ಸ್ವಂತವಾಗಿ ಮಾಡಬಾರದು.

ಓದುಗ_ಕಡೂರು

"ಅಭ್ಯಾಸ ಮಾಡ್ಕೊಳ್ಳಿ, ಏನೂ ಮಾಡೋಕಾಗಲ್ಲ" – ಈ ಮಾತನ್ನು ವೈದ್ಯರು ಬಾಗಿಲಲ್ಲಿ ನಿಂತು ಹೇಳಿ ಕಳಿಸುವುದರಿಂದ ಆಗುವ ಹಾನಿಯ ಬಗ್ಗೆಯೂ ಬರೆಯಿರಿ. ಮನೆಯವರದ್ದೂ ಅಷ್ಟೇ: "ನಮಗೆ ಕೇಳಲ್ಲ, ನಿಂಗೆ ಮಾತ್ರ ಹೇಗೆ ಕೇಳುತ್ತೆ?"

ಮನಶ್ಶಾಸ್ತ್ರಜ್ಞೆ_ಚಿಕ್ಕಮಗಳೂರು

ಒಪ್ಪಿದೆ. ವೈದ್ಯರ ಆ ಮಾತಿನ ಮೊದಲರ್ಧ ನಮ್ಮ ಗುರಿ, ಎರಡನೆಯ ಅರ್ಧ ಸುಳ್ಳು. ಮನೆಯವರು ದಿನಾ "ಹೇಗಿದೆ ಸದ್ದು?" ಎಂದು ಕೇಳುವುದೂ ಬೇಡ, ಅದೂ ಒಂದು ತಡವುವಿಕೆ. ಅದರ ಬದಲು ಮಾತಾಡುವಾಗ ಟಿವಿ ತಗ್ಗಿಸಿ, ಎದುರು ಕೂತು ಮಾತಾಡಿ.

ಈಗ ಮುಖ್ಯವಾದದ್ದು. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರದು, ಸಾಕಾಗಿದೆ ಅನ್ನಿಸುತ್ತಿದೆ ಎಂದರೆ ಖಿನ್ನತೆಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ನೋಡಿ. ಒಂಬತ್ತನೇ ಪ್ರಶ್ನೆ ಬದುಕು ಬೇಡ ಎಂಬ ಯೋಚನೆಯದು, ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರಬೇಡಿ. ಮೊರೆತ ಉಳಿದರೂ ಖಿನ್ನತೆ ವಾಸಿಯಾಗುತ್ತದೆ, ವಾಸಿಯಾದಾಗ ಮೊರೆತದ ಕಾಟವೂ ಇಳಿಯುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 – ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಿಂದ ಇದೆ. ಮನೆಯವರಿಗೆ ಒಂದು ಮಾತು: ಅಂಥ ಯೋಚನೆಯ ಸುಳಿವು ಸಿಕ್ಕರೆ ನೇರವಾಗಿ ಕೇಳಿ, ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ತೋಟದ ಮನೆಯಲ್ಲಿ ಔಷಧಿ ಸಿಂಪಡಿಸುವ ಡಬ್ಬಿ, ಕೋವಿ, ಮಾತ್ರೆಯ ಡಬ್ಬ ಎಲ್ಲಕ್ಕೂ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ.

ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ.

ಯಂತ್ರ_ರಿಪೇರಿ_ಸಕಲೇಶಪುರ

ಇರೋ ಕಿವಿ ಉಳಿಸ್ಕೊಳ್ಳೋದು ನನ್ ಇಲಾಖೆ. ಬ್ರಷ್ ಕಟರ್ ಹಿಡಿದೋರ ಕಿವಿ ಹತ್ರ 95ರಿಂದ 100 ಡೆಸಿಬಲ್, ಮರ ಕೊಯ್ಯೋ ಚೈನ್‌ಸಾ 105ರಿಂದ 110. ದಿನಕ್ಕೆ ಕಿವಿ ತಡ್ಕೊಳ್ಳೋದು 85 ಡೆಸಿಬಲ್‌ಗೆ 8 ಗಂಟೆ ಅಂತ ಇಟ್ಕೊಂಡ್ರೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ ಆಗುತ್ತೆ: 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ, 109ಕ್ಕೆ ಎರಡೇ ನಿಮಿಷ. ನಮ್ ಕಾರ್ಖಾನೆ ನಿಯಮ 90ಕ್ಕೆ 8 ಗಂಟೆ ಅನ್ನುತ್ತೆ, ಕಿವಿಗೆ ಅದು ಸಡಿಲ ಲೆಕ್ಕ.

ಹತ್ತಿ ತುರುಕ್ಕೊಳ್ಳೋದು ದಂಡ. ಫೋಮ್ ಪ್ಲಗ್ ತಗೊಳ್ಳಿ. ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ (ಎಷ್ಟು ಸದ್ದು ತಡೆಯುತ್ತೆ ಅನ್ನೋ ಅಂಕಿ) 30 ಅಂತ ಇದ್ರೆ 7 ಕಳೆದು ಅರ್ಧ ಮಾಡಿ, ಹನ್ನೊಂದೂವರೆ ಡೆಸಿಬಲ್. ಅಷ್ಟೇ ನಿಜವಾಗಿ ಸಿಗೋದು. ಕೈ ತೊಳ್ಕೊಂಡು ಬತ್ತಿ ತರ ಹೊಸೆದು, ಇನ್ನೊಂದು ಕೈ ತಲೆ ಹಿಂದಿಂದ ತಂದು ಕಿವಿನ ಮೇಲಕ್ಕೂ ಹಿಂದಕ್ಕೂ ಎಳೆದು, ತೂರಿಸಿ, ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡೀಬೇಕು. ಎದುರಿನಿಂದ ನೋಡಿದ್ರೆ ಪ್ಲಗ್ ಕಾಣಿಸ್ತಿದ್ರೆ ಸರಿಯಾಗಿ ಕೂತಿಲ್ಲ ಅಂತ. ಚೈನ್‌ಸಾಗೆ ಪ್ಲಗ್ ಮೇಲೆ ಇಯರ್‌ಮಫ್. ಎರಡರ ಅಂಕಿನೂ ಕೂಡಿಸೋ ಹಾಗಿಲ್ಲ, ಹೀಗೆ ಇಳಿಸಿದ ಅಂಕಿಗಳಲ್ಲಿ ದೊಡ್ಡದಕ್ಕೆ 5 ಸೇರ್ಸಿ. ಅಲ್ಲಿಗೂ 109ರಲ್ಲಿ ಒಂದೂಕಾಲು ಗಂಟೆ ಮೇಲೆ ಬೇಡ, ಆಳು ಬದಲಾಯ್ಸಿ. ಸೈಲೆನ್ಸರ್ ಜಾಲಿ ಹರಿದಿದ್ರೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಬೇರಿಂಗ್ ಸವೆದಿದ್ರೆ ಮೊದಲು ಅದನ್ನ ಮಾಡ್ಸಿ, ಕಿವಿಗಿಂತ ಅಗ್ಗ. ಆನೆ ಓಡ್ಸೋ ಪಟಾಕಿ, ಕೋವಿ – ಇವಕ್ಕೆ ನಿಮಿಷದ ಲೆಕ್ಕವೇ ಇಲ್ಲ, ಹತ್ತಿರದಲ್ಲಿ ಒಂದೇ ಏಟು ಸಾಕು. ಪ್ಲಗ್ ಜೇಬಲ್ಲಿ ಇರ್ಲಿ.

ಶ್ರವಣತಜ್ಞೆ_ಹಾಸನ

ಅಣ್ಣ ಹೇಳಿದ್ದು ಯಂತ್ರದ ಮುಂದೆ ಸರಿ. ಆದರೆ ಮೊರೆತ ಇರುವವರು ಹೆದರಿ ಅಡುಗೆಮನೆಯಲ್ಲೂ ಬಸ್ಸಿನಲ್ಲೂ ಪ್ಲಗ್ ಹಾಕಿಕೊಂಡು ಓಡಾಡತೊಡಗುತ್ತಾರೆ. ಆಗ ಮಿದುಳು ವಾಲ್ಯೂಮ್ ಇನ್ನೂ ಏರಿಸುತ್ತದೆ, ಪಾತ್ರೆ ಬಿದ್ದರೂ ಕಿವಿ ಹರಿದಂತಾಗುತ್ತದೆ. 80 ಡೆಸಿಬಲ್‌ಗಿಂತ ಕೆಳಗಿನ ದಿನನಿತ್ಯದ ಸದ್ದಿಗೆ ಪ್ಲಗ್ ಬೇಡ.

ತೋಟದ_ರೈಟರ್_ಮೂಡಿಗೆರೆ

ಇದಕ್ಕೆ ಅಂಗವಿಕಲರ ಕಾರ್ಡ್ ಸಿಗುತ್ತಾ? ಮೈಸೂರಿಗೆ ಕರ್ಕೊಂಡು ಹೋಗೋರು ಏನೇನು ತಗೊಂಡು ಹೋಗ್ಬೇಕು?

ಶ್ರವಣತಜ್ಞೆ_ಹಾಸನ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವಿಧದ ಅಂಗವೈಕಲ್ಯಗಳಲ್ಲಿ ಕಿವಿಮೊರೆತ ಇಲ್ಲ. ಜೊತೆಗೆ ಎರಡೂ ಕಿವಿಗಳಲ್ಲಿ 60 ಡೆಸಿಬಲ್‌ನಿಂದ ಮೇಲೆ ಶ್ರವಣನಷ್ಟ ಇದ್ದರೆ ಆ ಹೆಸರಿನಲ್ಲಿ ಅರ್ಜಿ ಹಾಕಬಹುದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವವರು ಹಳೆಯ ಆಡಿಯೋಗ್ರಾಮ್‌ಗಳು (ಶ್ರವಣ ಪರೀಕ್ಷೆಯ ನಕ್ಷೆ), ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ (ಸ್ಟ್ರಿಪ್‌ಗಳನ್ನೇ ತಂದರೆ ಇನ್ನೂ ಒಳ್ಳೆಯದು), ಆಧಾರ್, ಸ್ಕ್ಯಾನ್ ಆಗಿದ್ದರೆ ಅದು, ಎರಡು ವಾರದ ನಿದ್ದೆಯ ಲೆಕ್ಕ ತನ್ನಿ. ಗುಗ್ಗೆ ಇದ್ದರೆ ಇಲ್ಲೇ ತೆಗೆಸಿಕೊಂಡು ಹೋಗಿ, ಇಲ್ಲದಿದ್ದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ದೊಡ್ಡ ಸದ್ದಿನಿಂದ ದೂರವಿರಬೇಕು. ಹಿಂದಿನ ಸಂಜೆಯವರೆಗೆ ಬ್ರಷ್ ಕಟರ್ ಹಿಡಿದು ಬೆಳಿಗ್ಗೆ ಐದರ ಬಸ್ಸು ಹತ್ತಿದರೆ ಕಿವಿ ಇನ್ನೂ ದಣಿದಿರುತ್ತದೆ, ಆಡಿಯೋಗ್ರಾಮ್ ನಿಜಕ್ಕಿಂತ ಕೆಟ್ಟದಾಗಿ ಬರುತ್ತದೆ.

ತೋಟದ_ರೈಟರ್_ಮೂಡಿಗೆರೆ

ಸರಿ ಮೇಡಂ. ಹಿಂದಿನ ದಿನ ಆಳಿಗೆ ಗಿಡ ಕಸಿ ಕೆಲಸ ಕೊಡ್ತೀನಿ, ಕಟರ್ ಬೇರೆಯವರ ಕೈಗೆ.